ಕೋಚ್ ಮೇಡಂ ಅವರಿಗೆ, ಕೋರ್ಟಿನ ಎಲ್ಲರ ಪರವಾಗಿ

ಬಳ್ಳಾರಿಯ ನಮ್ಮ ಬಾಸ್ಕೆಟ್‌ಬಾಲ್ ಶಿಬಿರಕ್ಕೆ ಈ ವಾರ ಒಂದು ವರ್ಷ ತುಂಬಿತು. ಕಾಲೇಜು ತಂಡದಲ್ಲಿ ಆಡಿ ಹೆಸರು ಮಾಡಿದವರು ನೀವು. ಆಟ ಮುಗಿದ ಮೇಲೆ ಸೀಟಿ ಹಿಡಿದು ನಮ್ಮ ಮಕ್ಕಳ ಮುಂದೆ ಬಂದು ನಿಂತಿರಿ. ಮೇಡಂ ಅವರೇ, ನಿಮಗೆ ಮನಸಾರೆ ವಂದನೆ. ಯಾತಕ್ಕೆ ಅನ್ನುವುದನ್ನೂ ಬಿಡಿಸಿ ಹೇಳಬೇಕು, ಯಾಕೆಂದರೆ ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅಂತೇನಿಲ್ಲ.

ವರ್ಷಗಟ್ಟಲೆ ಆಡಿದವರಿಗೆ ಲೇಅಪ್, ಅಂದರೆ ಓಡಿಬಂದು ನೆಗೆದು ರಿಂಗಿನ ಹತ್ತಿರದಿಂದಲೇ ಬಾಲ್ ಹಾಕುವುದು, ಮೈಗೇ ಗೊತ್ತಿರುತ್ತದೆ, ಬಾಯಲ್ಲಿ ಹೇಳಲು ಬರುವುದಿಲ್ಲ. ಹಾಗಾಗಿ ಮಾಡಿ ತೋರಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಕಲಿಯುವುದು ಮಾತ್ರ ಅಷ್ಟಕ್ಕಷ್ಟೆ. ನೀವು ನಿಮ್ಮದೇ ಆಟವನ್ನು ಬಿಚ್ಚಿ ತುಂಡು ತುಂಡಾಗಿ ಕೊಟ್ಟಿರಿ. ಬಲಗೈ ಲೇಅಪ್ಪಿಗೆ ಮೊದಲು ಬಾಲೇ ಇಲ್ಲ: ಬಲಗಾಲು, ಎಡಗಾಲು, ಎಡಗಾಲಿನ ಮೇಲೆ ನೆಗೆತ, ಬಲ ಮೊಣಕಾಲು ಮೇಲಕ್ಕೆ. ಅದು ಕೂತ ಮೇಲೆ ಬಾಲ್ ಕೈಗೆ, ಡ್ರಿಬಲ್ (ಬಾಲನ್ನು ನೆಲಕ್ಕೆ ಪುಟಿಸುವುದು) ಇಲ್ಲದೆ ಬೋರ್ಡಿನ ಚೌಕದ ಮೇಲ್ಮೂಲೆಗೆ. ಆಮೇಲೆ ಒಂದೇ ಡ್ರಿಬಲ್, ಕೊನೆಗೆ ಓಟ. ಎಡಗೈಗೆ ಮತ್ತೆ ಮೊದಲಿನಿಂದ. ನೇರ ಓಟದಿಂದಲೇ ಶುರು ಮಾಡಿದ ಮಕ್ಕಳು ತಪ್ಪು ಕಾಲಿನ ಮೇಲೆ ನೆಗೆಯುತ್ತಾರೆ, ಇಲ್ಲವೇ ಬಾಲ್ ಹಿಡಿದು ಒಂದು ಹೆಜ್ಜೆ ಹೆಚ್ಚು ಹಾಕಿ ಟ್ರಾವೆಲಿಂಗ್ ಎನ್ನುವ ತಪ್ಪು ಮಾಡುತ್ತಾರೆ. ಆ ನಿಯಮವನ್ನೂ ನೀವು ಹೊಸದಾಗಿ ಓದಿಕೊಂಡೇ ಕಲಿಸಿದಿರಿ: ಓಡುತ್ತಾ ಬಾಲ್ ಹಿಡಿಯುವಾಗ ನೆಲದ ಮೇಲಿದ್ದ ಕಾಲು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫೀಬಾದ 2017ರ ಬದಲಾವಣೆಯ ನಂತರ ಲೆಕ್ಕಕ್ಕಿಲ್ಲ, ಅದಾದ ಮೇಲೆ ಎರಡು ಹೆಜ್ಜೆ.

ಇನ್ನು ರಿಂಗಿನ ಮಾತು. ಹತ್ತು ವರ್ಷದ ಮಗುವಿಗೆ ದೊಡ್ಡವರ 7ನೇ ಸೈಜಿನ ಬಾಲ್ ಕೊಟ್ಟು 3.05 ಮೀಟರ್ ಎತ್ತರದ ರಿಂಗ್ ತೋರಿಸಿದರೆ ಅದು ಎರಡೂ ಕೈಯಿಂದ, ಸೊಂಟದ ಹತ್ತಿರದಿಂದ ಎತ್ತಿ ಒಗೆಯುತ್ತದೆ. ಆ ಚಾಳಿ ಹೈಸ್ಕೂಲಿಗೆ ಬಂದರೂ ಬಿಡುವುದಿಲ್ಲ. ಚಿಕ್ಕವರಿಗೆ 5ನೇ ಸೈಜ್, 2.60 ಮೀಟರ್ ರಿಂಗ್ ಬೇಕೇ ಬೇಕು ಎಂದು ನೀವು ಪಟ್ಟು ಹಿಡಿದದ್ದು ಸರಿಯಾಗಿತ್ತು. ಬೋಲ್ಟ್ ಬಿಚ್ಚಿ ರಿಂಗ್ ಇಳಿಸುವ ಹಾಗೆ ಫ್ರೇಮ್ ಮಾಡಿಕೊಟ್ಟ ಕೌಲ್‌ಬಜಾರಿನ ವೆಲ್ಡಿಂಗ್ ಅಣ್ಣನಿಗೆ ನಮ್ಮೆಲ್ಲರ ನಮಸ್ಕಾರ.

ಹೆಣ್ಣುಮಕ್ಕಳ ತಂದೆತಾಯಂದಿರು ವಿಶೇಷವಾಗಿ ನೆನೆಯುವುದು ನೆಗೆದು ಸರಿಯಾಗಿ ಇಳಿಯುವುದನ್ನು ಕಲಿಸುವ ಮೊದಲ ಹದಿನೈದು ನಿಮಿಷವನ್ನು. ಹರೆಯಕ್ಕೆ ಬಂದ ಹುಡುಗಿಯರಲ್ಲಿ ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ರಿಬೌಂಡಿಗೆ, ಅಂದರೆ ಗುರಿ ತಪ್ಪಿ ಪುಟಿದು ಬಂದ ಬಾಲ್ ಹಿಡಿಯಲು, ನೆಗೆದು ಇಳಿಯುವಾಗ ಕಾಲು ನೆಟ್ಟಗಿದ್ದು ಮೊಣಕಾಲು ಒಳಕ್ಕೆ ವಾಲಿದರೆ ಕೆಲಸ ಕೆಟ್ಟಿತು. ಎರಡೂ ಪಾದ ಒಟ್ಟಿಗೆ ಊರಿ, ಸೊಂಟ ಹಿಂದಕ್ಕೆ, ಮೊಣಕಾಲು ಕಾಲ್ಬೆರಳಿನ ನೇರಕ್ಕೆ ತಂದು, ಮೂರು ಎಣಿಸುವವರೆಗೆ ಅಲುಗಾಡದೆ ನಿಲ್ಲುವುದು. ಅದು ಬಂದ ಮೇಲೆ ಒಂಟಿಕಾಲಿನಲ್ಲಿ. ನೋಡುವವರಿಗೆ ಬೇಸರದ ಅಭ್ಯಾಸ, ಆದರೆ ನೀವು ಒಂದು ದಿನವೂ ಬಿಡಲಿಲ್ಲ. ಸಿಮೆಂಟ್ ಕೋರ್ಟಾದ್ದರಿಂದ ನೆಗೆತದ ಡ್ರಿಲ್ ದಿನ ಬಿಟ್ಟು ದಿನ ಮಾತ್ರ.

ಅದೇ ಸಿಮೆಂಟಿನ ಮೇಲೆ ನಮ್ಮೂರಿನ ಕೆಂಪು ಧೂಳು ಕೂತರೆ ನಿಲ್ಲಬೇಕಾದ ಕಾಲು ಜಾರಿ ಮೊಣಕಾಲು ತಿರುಚುತ್ತದೆ. ಮಕ್ಕಳು ಬರುವ ಮೊದಲೇ ಕೋರ್ಟನ್ನು ಕಸಬರಿಗೆಯಿಂದ ಗುಡಿಸಿ, ಹಿಂಡಿದ ಒದ್ದೆ ಗೋಣಿಚೀಲವನ್ನು ಆ ತುದಿಯಿಂದ ಈ ತುದಿಗೆ ಎಳೆಯುವ ವಾಚ್‌ಮನ್ ತಾತನ ಉಪಕಾರ ದೊಡ್ಡದು. ನೀರು ಸುರಿದು ತೊಳೆದರೆ ಅಂಚಿನಲ್ಲಿ ಕೆಸರು ಉಳಿದು ಶೂಗೆ ಮೆತ್ತುತ್ತದೆ, ಗೋಣಿ ಎಳೆದರೆ ಐದೇ ನಿಮಿಷಕ್ಕೆ ಆರುತ್ತದೆ. ಇದು ಅವರೇ ಕಂಡುಕೊಂಡ ದಾರಿ.

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಬೆಳಿಗ್ಗೆ ಆರಕ್ಕೆ ಶುರು, ಎಂಟಕ್ಕೆ ಮುಕ್ತಾಯ, ನಡುವೆ ಕಾಲು ಗಂಟೆಗೊಮ್ಮೆ ನೀರು ಎನ್ನುವ ಕಟ್ಟುನಿಟ್ಟು ನಿಮ್ಮದು. ಸರದಿಯ ಪ್ರಕಾರ ಓಆರ್‌ಎಸ್ ತಂದುಕೊಟ್ಟ ತಾಯಂದಿರಿಗೂ, ಕುರುಗೋಡು, ತೋರಣಗಲ್ಲಿನಿಂದ ಮೊದಲ ಬಸ್ಸಿಗೇ ಮಕ್ಕಳನ್ನು ಕಳಿಸಿದ ಮನೆಯವರಿಗೂ ಧನ್ಯವಾದ.

ಮೇಡಂ ಕೋಚ್‌ಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರಗಳ ಸರ್ಟಿಫಿಕೇಟ್ ಕೋರ್ಸಿಗೆ ಹೊರಟಿದ್ದಾರೆ, ನಮಗೆಲ್ಲ ಹೆಮ್ಮೆ. ಅಷ್ಟು ದಿನ ಬೆಳಗಿನ ಬ್ಯಾಚ್ ನೋಡಿಕೊಳ್ಳಲು ಒಪ್ಪಿದ ದೈಹಿಕ ಶಿಕ್ಷಣ ಶಿಕ್ಷಕರಿಗೆ ಮೊದಲೇ ವಂದನೆ ಹೇಳಿಬಿಡುತ್ತೇವೆ. ಮೇಡಂ ಬರೆದಿಟ್ಟ ಡ್ರಿಲ್ ನೋಟ್‌ಬುಕ್ ಸ್ಟೋರ್‌ರೂಮಿನ ಕಪಾಟಿನಲ್ಲಿದೆ, ಇಳಿಯುವ ಅಭ್ಯಾಸ ಮೊದಲ ಪುಟದಲ್ಲೇ ಇದೆ.