ಕೆಲಸ ಹೋದವರೇ ಉಳಿಸಿಕೊಂಡ ಕಾಫಿ ಹೌಸ್

ಮಾನ್ಯ ಸಂಪಾದಕರೇ,

ನಮ್ಮ ಬಳ್ಳಾರಿಯಲ್ಲಿ ಚಹಾ ಕುಡಿಯುವವರೇ ಜಾಸ್ತಿ. ಆದರೂ ಇವತ್ತು ಕಾಫಿ ಬಗ್ಗೆ ಬರೆಯುತ್ತಿದ್ದೇನೆ.

ಊರೂರಲ್ಲೂ ಒಂದೇ ಹೆಸರಿನ ಕಾಫಿ ಅಂಗಡಿ ಅಂದರೆ ನಮ್ಮ ಹುಡುಗರಿಗೆ ನೆನಪಾಗುವುದು ಕೆಫೆ ಕಾಫಿ ಡೇ. ಅದು ಶುರುವಾಗಿದ್ದು 1996ರಲ್ಲಿ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ. ಅದಕ್ಕೂ 60 ವರ್ಷ ಮುಂಚೆಯೇ, 1936ರಲ್ಲಿ, ಮುಂಬೈನ ಚರ್ಚ್‌ಗೇಟ್‌ನಲ್ಲಿ ಇಂಡಿಯಾ ಕಾಫಿ ಹೌಸ್ ಬಾಗಿಲು ತೆರೆದಿತ್ತು. ಇಲ್ಲಿ ಬೆಳೆದ ಕಾಫಿಯನ್ನು ಇಲ್ಲಿಯ ಜನ ಕುಡಿಯಲಿ ಅನ್ನುವುದು ಉದ್ದೇಶ. ಆಮೇಲೆ ಸರ್ಕಾರದ ಕಾಫಿ ಬೋರ್ಡ್ ಅದನ್ನು ಹಲವು ಊರುಗಳಲ್ಲಿ ನಡೆಸಿತು. 1950ರ ದಶಕದಲ್ಲಿ ಬೋರ್ಡೇ ಅವನ್ನು ಮುಚ್ಚಲು ಹೊರಟಿತು. ಕೆಲಸದವರು ಬೀದಿಗೆ ಬಿದ್ದರು.

ಆ ಸಂಕಟ ನನಗೆ ಗೊತ್ತು. ನಾನು ಜೀನ್ಸ್ ಹೊಲಿಯುವವನು. ಹಿಂದೆ ಇದ್ದ ಘಟಕ ಮುಚ್ಚಿದ ದಿನ ನಮ್ಮ ಮಷಿನ್‌ಗಳನ್ನು ಟೆಂಪೋಗೆ ಏರಿಸುತ್ತಿದ್ದರು. ನನ್ನ ಮಷಿನ್ನಿನ ಸೂಜಿಯಲ್ಲಿ ನೀಲಿ ದಾರ ಇನ್ನೂ ಹಾಗೇ ಇತ್ತು. ನಾವೆಲ್ಲ ಸುಮ್ನೆ ನಿಂತು ನೋಡಿ ಮನೆಗೆ ಹೋದೆವು.

ಕಾಫಿ ಹೌಸ್‌ನವರು ಹಾಗೆ ಹೋಗಲಿಲ್ಲ. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಈ ಕೆಲಸದವರ ಬೆನ್ನಿಗೆ ನಿಂತರು. ನೀವೇ ಸಹಕಾರ ಸಂಘ ಕಟ್ಟಿ ನಡೆಸಿ ಅಂದರು. ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1957ರ ಆಗಸ್ಟ್ 19ರಂದು. ಅದೇ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಇಂಡಿಯನ್ ಕಾಫಿ ಹೌಸ್ ತೆರೆಯಿತು. ಲೋಟ ತೊಳೆದವರು, ದೋಸೆ ಹುಯ್ದವರೇ ಸದಸ್ಯರು, ಅವರೇ ಆಡಳಿತ ಮಂಡಳಿ ಆರಿಸುವವರು. ಎಂಥ ಧೈರ್ಯ ಅಲ್ವಾ?

ಬೆಂಗಳೂರಿನ ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟ್‌ಗೆ ಹೋಯಿತು. ನಾನು ಹೋಗಿದ್ದು ಅಲ್ಲಿಗೆ. ಬಿಳಿ ಬಟ್ಟೆ, ಸೊಂಟಕ್ಕೆ ಅಗಲ ಪಟ್ಟಿ, ತಲೆ ಮೇಲೆ ಬೀಸಣಿಗೆ ಹಾಗೆ ಬಿಚ್ಚಿಕೊಂಡ ಪೇಟ. ಕಾಫಿ ತಂದಿಟ್ಟ ಹಿರಿಯರನ್ನು ಮಾಲೀಕರು ಯಾರು ಅಂತ ಕೇಳಿದೆ. "ನಾವೇ ಸಾರ್" ಅಂದರು.

ಈ ಕಥೆಯನ್ನು ನಿಮ್ಮ ಪತ್ರಿಕೆ ಒಂದು ಭಾನುವಾರ ಪೂರ್ತಿಯಾಗಿ ಬರೆಯಲಿ. ಹೊಲಿಗೆಯವರ ಸಂಘ ಕಟ್ಟಬೇಕಾದರೆ ಎಷ್ಟು ಜನ ಬೇಕು, ಷೇರು ಹಣ ಎಷ್ಟು, ಸಾಲ ಹೇಗೆ ಅಂತ ಸಹಕಾರ ಇಲಾಖೆಯವರು ಕೌಲ್ ಬಜಾರಿಗೆ ಬಂದು ತಿಳಿಸಲಿ. ರಾತ್ರಿ ಎಂಟರ ಮೇಲೆ ಬಂದರೆ ಒಳ್ಳೆಯದು. ಅಷ್ಟೊತ್ತಿಗೆ ಎಲ್ಲರ ಕೆಲಸ ಮುಗಿದಿರುತ್ತದೆ.

– ಒಬ್ಬ ಹೊಲಿಗೆ ಕಾರ್ಮಿಕ, ಕೌಲ್ ಬಜಾರ್, ಬಳ್ಳಾರಿ