ಹಂಚಿನ ಮೇಲೂ ಆಗ್ತದೆ, ದೋಸ್ತಾ

ಕೋಥ್ರುಡ್, ಪುಣೆ
ಶುಕ್ರವಾರ ರಾತ್ರಿ

ದೋಸ್ತಾ,

ಫೋನಿನಲ್ಲೇ ಹೇಳಿಬಿಡು ಅಂದೆ ನೀನು. ಅರ್ಧ ಹೇಳುವಷ್ಟರಲ್ಲಿ ನಿನ್ನ ಅಂಗಡಿಗೆ ಗಿರಾಕಿ ಬಂದರು. ಅದಕ್ಕೇ ಈ ಪತ್ರ. ಹೋದ ತಿಂಗಳು ಇಲ್ಲಿಗೆ ಬಂದಾಗ ಚಹಾದ ಜೊತೆ ನಾಲ್ಕು ತಿಂದು, ಇನ್ನು ನಾಲ್ಕನ್ನು ಪೇಪರಿನಲ್ಲಿ ಸುತ್ತಿಕೊಂಡು ಧಾರವಾಡದ ಬಸ್ಸು ಹತ್ತಿದೆಯಲ್ಲ, ಆ ಸ್ಕೋನ್ ವಿಷಯ, ಬ್ರೆಡ್ಡಿಗೂ ಬಿಸ್ಕಿಟ್ಟಿಗೂ ನಡುವಿನ ಆ ದುಂಡನೆಯ ತಿಂಡಿ. ನಿನ್ನ ಮನೆಯಾಕೆ, ನನ್ನ ವೈನಿ, ಕೇಳಿದ್ದು ಒಂದೇ ಮಾತು: "ನಮ್ಮಲ್ಲಿ ಓವನ್ ಇಲ್ಲ, ಹಂಚಿನ ಮೇಲೆ ಆಗ್ತದೇನು?"

ಆಗ್ತದೆ. ಆದರೆ ಮೊದಲು ನನ್ನ ಫಜೀತಿ ಕೇಳು.

ರಿಟೈರ್ ಆದ ಮೇಲೆ ಓವನ್ ತಂದೆ. ಮೈದಾ ಬೇಡ, ಬೆಣ್ಣೆ ಬೇಡ, ಎಲ್ಲ ಆರೋಗ್ಯಕ್ಕೆ ಒಳ್ಳೆಯದೇ ಆಗಬೇಕು ಅಂತ ಹಟ. ಪೂರ್ತಿ ಗೋಧಿ ಹಿಟ್ಟು, ಬೆಣ್ಣೆಯ ಜಾಗದಲ್ಲಿ ಎರಡು ಚಮಚ ಎಣ್ಣೆ. ಹಿಟ್ಟನ್ನು ಅವ್ವ ಕಲಿಸಿದ ಹಾಗೆ ಮುಷ್ಟಿ ಕಟ್ಟಿ ಹತ್ತು ನಿಮಿಷ ನಾದಿದೆ. ಬೆಂದು ಹೊರಗೆ ಬಂದದ್ದನ್ನು ಬಾಗಿಲು ಬಡಿಯದಂತೆ ಅಡ್ಡ ಇಡಬಹುದಿತ್ತು. ಎದುರು ಮನೆಯ ಕಾಕೂಗೆ ಒಂದು ಕೊಟ್ಟೆ. ಎರಡು ಕಡೆ ತಿರುಗಿಸಿ ನೋಡಿ ಕೇಳಿದರು: "ಹಾ ಪಾವ್ ಆಹೇ ಕೀ ಬಿಸ್ಕಿಟ್?" ಇದು ಪಾವೋ ಬಿಸ್ಕಿಟ್ಟೋ ಅಂತ. ಪುಣೆಯವರು ಸುಮ್ನೆ ಹೊಗಳುವ ಪೈಕಿ ಅಲ್ಲ, ನಿನಗೆ ಗೊತ್ತಲ್ಲ.

ತಪ್ಪು ಇದ್ದದ್ದು ನನ್ನ ಚಪಾತಿ ಕೈಯಲ್ಲಿ. ಚಪಾತಿ ಹಿಟ್ಟನ್ನು ನಾದಿದಷ್ಟೂ ಅದರೊಳಗಿನ ಅಂಟು ಬಲಿಯುತ್ತದೆ, ಅದಕ್ಕೇ ಹರಿಯದೆ ಲಟ್ಟಿಸಲು ಬರುತ್ತದೆ. ಸ್ಕೋನ್‌ಗೆ ಆ ಅಂಟೇ ಶತ್ರು. ಇಲ್ಲಿ ಹಿಟ್ಟನ್ನು ಬರೀ ಕೂಡಿಸಬೇಕು, ನಾದಬಾರದು. ಬೆಣ್ಣೆಯದೂ ಉಲ್ಟಾ ಲೆಕ್ಕ. ಚಕ್ಕುಲಿಗೆ, ಶಂಕರಪೋಳಿಗೆ ಕಾಯ್ದ ಎಣ್ಣೆ ಹಾಕುತ್ತೇವೆ, ಇಲ್ಲಿನವರು ಅದಕ್ಕೆ ಮೋಹನ್ ಅನ್ನುತ್ತಾರೆ. ಸ್ಕೋನ್‌ಗೆ ಬೆಣ್ಣೆ ಫ್ರಿಜ್ಜಿನಿಂದ ತೆಗೆದ ಹಾಗೇ ತಣ್ಣಗಿರಬೇಕು. ಹಿಟ್ಟಿನಲ್ಲಿ ಅದರ ಸಣ್ಣ ಸಣ್ಣ ಚೂರುಗಳು ಉಳಿದರೆ, ಕಾವಿಗೆ ಕರಗಿ, ಅದರ ನೀರು ಹಬೆಯಾಗಿ ಒಳಗೆ ಜಾಗ ಮಾಡುತ್ತದೆ. ಎಣ್ಣೆಯಿಂದ ಆ ಕೆಲಸ ಆಗುವುದಿಲ್ಲ. ಆದ್ದರಿಂದ ಬೆಣ್ಣೆಯಲ್ಲಿ ಜಿಪುಣತನ ಮಾಡಬೇಡ. ಎಂಟು ಸ್ಕೋನ್‌ಗೆ 60 ಗ್ರಾಂ, ಒಂದಕ್ಕೆ ಏಳೆಂಟು ಗ್ರಾಂ ಬಿತ್ತು. ರೊಟ್ಟಿಯ ಮೇಲೆ ನೀನು ಇಟ್ಟುಕೊಳ್ಳುವ ಬೆಣ್ಣೆ ಅದಕ್ಕಿಂತ ಜಾಸ್ತಿ.

ಇನ್ನು ಅಳತೆ. ಗೋಧಿ ಹಿಟ್ಟು 150 ಗ್ರಾಂ, ಮೈದಾ 100 ಗ್ರಾಂ. ಪೂರ್ತಿ ಗೋಧಿ ಹಿಟ್ಟಿನದು ನನಗೆ ಇವತ್ತಿಗೂ ಹಗುರ ಬಂದಿಲ್ಲ, ಸುಳ್ಳು ಯಾಕೆ ಹೇಳಲಿ. ಬೇಕಿಂಗ್ ಪೌಡರ್ ಎರಡು ಟೀ ಚಮಚ, ಅಡುಗೆ ಸೋಡಾ ಕಾಲು ಚಮಚ, ಪುಡಿ ಬೆಲ್ಲ 30 ಗ್ರಾಂ, ಗಟ್ಟಿ ಮಜ್ಜಿಗೆ 150 ಎಂಎಲ್. ಮಜ್ಜಿಗೆಯ ಹುಳಿ ಸೋಡಾಕ್ಕೆ ಸೇರಿದರೆ ಹಿಟ್ಟು ಉಬ್ಬುತ್ತದೆ, ಮೊಟ್ಟೆ ಬೇಕಿಲ್ಲ. ಪ್ಯಾಕೆಟ್ ಬೆಣ್ಣೆಯಲ್ಲಿ ಉಪ್ಪು ಇದ್ದರೆ ಬೇರೆ ಉಪ್ಪು ಹಾಕಬೇಡ. ಚಕ್ಕಿಯಲ್ಲಿ ಬೀಸಿದ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ, ಹಾಗಾಗಿ ಮಜ್ಜಿಗೆ ಎರಡು ಚಮಚ ಹೆಚ್ಚು ಕೇಳಿದರೆ ಕೊಡು. ಮುದ್ದೆ ಸ್ವಲ್ಪ ಕೈಗೆ ಅಂಟಬೇಕು. ಅಂಟಿತು ಅಂತ ಮತ್ತೆ ಒಣ ಹಿಟ್ಟು ಸುರಿದೆಯೋ, ಕೆಟ್ಟೆ.

ಹಣ್ಣು ಅಂದರೆ ಒಣ ಹಣ್ಣು. ಇಲ್ಲಿ ಸಾಸವಡದ ಕಡೆಯಿಂದ ತಾಜಾ ಅಂಜೂರ ಬರುತ್ತದೆ, ಚಳಿಗಾಲದಲ್ಲಿ ಮಹಾಬಳೇಶ್ವರದ ಸ್ಟ್ರಾಬೆರಿ. ಮಂಡಈ ಮಾರುಕಟ್ಟೆಗೆ ಹೋದರೆ ಕೈ ತಡೆಯುವುದು ಕಷ್ಟ. ಎರಡನ್ನೂ ಹಾಕಿ ನೋಡಿದೆ. ಅವುಗಳ ನೀರಿಗೆ ಹಿಟ್ಟು ಕೆಸರಾಯಿತು. ತಾಜಾ ಹಣ್ಣು ಪಕ್ಕದಲ್ಲಿಟ್ಟುಕೊಂಡು ತಿನ್ನು. ಒಳಗೆ ಹಾಕಲು ಒಣದ್ರಾಕ್ಷಿ 50 ಗ್ರಾಂ, ಹೆಚ್ಚಿದ ಒಣ ಅಂಜೂರ 25 ಗ್ರಾಂ ಸಾಕು. ಅವನ್ನು ಹಾಲಿಲ್ಲದ ಬಿಸಿ ಚಹಾದಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಬಸಿದು, ಬಟ್ಟೆಯಲ್ಲಿ ಒರೆಸಿಕೋ. ನೆನೆಸದ ದ್ರಾಕ್ಷಿ ಹಿಟ್ಟಿನ ಪಸೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಮೇಲೆ ಕಂಡದ್ದು ಸುಟ್ಟು ಕಹಿಯಾಗುತ್ತದೆ.

ಡಾಕ್ಟರ್ ನಿನಗೆ ಶುಗರ್ ಬಾರ್ಡರಿನಲ್ಲಿದೆ ಅಂದಿದ್ದಾರೆ. ಅದಕ್ಕೆ ಇದೊಂದು ಮಾತು. ಬೆಲ್ಲವೂ ಸಕ್ಕರೆಯೇ. 100 ಗ್ರಾಂ ಒಣದ್ರಾಕ್ಷಿಯಲ್ಲೂ ಸುಮಾರು 60 ಗ್ರಾಂ ಸಕ್ಕರೆ ಇರುತ್ತದೆ. ಬೇಕರಿ ತಿಂಡಿಗಿಂತ ಇದು ಮೇಲು ಅಂತ ನಾಲ್ಕು ಹೊಡೆಯಬೇಡ. ಒಂದು ತಿನ್ನು. ಅವತ್ತು ನಾಲ್ಕು ತಿನ್ನುವಾಗ ನಾನು ಸುಮ್ಮನಿದ್ದದ್ದು ನೀನು ಅತಿಥಿ ಅಂತ.

ಈಗ ಹಂಚಿನ ಕಥೆ. ಪುಣೆಯಲ್ಲಿ ಗುರುವಾರ ಅಂದರೆ ರಿಪೇರಿಯ ದಿನ, ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಅದನ್ನು ಮರೆತು ಒಂದು ಗುರುವಾರ ಹಿಟ್ಟು ಕಲಸಿ, ಕತ್ತರಿಸಿ ತಟ್ಟೆಯಲ್ಲಿಟ್ಟಿದ್ದೆ. ಓವನ್ ಇನ್ನೂ ಕಾಯುತ್ತಿತ್ತು, ಟಪ್ ಅಂತ ಆರಿತು. ಮಜ್ಜಿಗೆ ಬಿದ್ದ ಮೇಲೆ ಸೋಡಾ ಕರೆಂಟಿಗಾಗಿ ಕಾಯುತ್ತದೆಯೇ? ಹಿಟ್ಟು ಕೆಡಬಾರದು ಅಂತ ಜೋಳದ ರೊಟ್ಟಿಯ ಹಂಚನ್ನೇ ಗ್ಯಾಸಿನ ಮೇಲಿಟ್ಟೆ. ಬಂದದ್ದು ನೋಡಿ ನನಗೇ ಆಶ್ಚರ್ಯ. ಆಮೇಲೆ ಓದಿದಾಗ ಗೊತ್ತಾಯಿತು, ಸ್ಕೋನ್ ಹುಟ್ಟಿದ್ದೇ ಹಂಚಿನ ಮೇಲೆ. ಸ್ಕಾಟ್ಲೆಂಡ್‌ನಲ್ಲಿ ಆ ಹೆಸರು 1513ರಷ್ಟು ಹಿಂದೆಯೇ ಸಿಗುತ್ತದೆ. ಓಟ್ಸ್ ಇಲ್ಲವೇ ಬಾರ್ಲಿ ಹಿಟ್ಟನ್ನು ದುಂಡಗೆ ತಟ್ಟಿ, ನಾಲ್ಕು ಭಾಗ ಮಾಡಿ, ಕಬ್ಬಿಣದ ಹಂಚಿನ ಮೇಲೆ ಬೇಯಿಸುತ್ತಿದ್ದರು. ನಮ್ಮ ರೊಟ್ಟಿಗೆ ದೂರದ ಸಂಬಂಧಿ ಅನ್ನು. ಈಗಿನ ಹಾಗೆ ಎತ್ತರಕ್ಕೆ ಉಬ್ಬಲು ಶುರುವಾದದ್ದು ಬೇಕಿಂಗ್ ಪೌಡರ್ ಬಂದ ಮೇಲೆ. 1843ರಲ್ಲಿ ಆಲ್ಫ್ರೆಡ್ ಬರ್ಡ್ ಅನ್ನುವ ಇಂಗ್ಲೆಂಡಿನ ಔಷಧಿ ವ್ಯಾಪಾರಿ ಅದನ್ನು ತಯಾರಿಸಿದ, ಹೆಂಡತಿಗೆ ಯೀಸ್ಟ್ ಆಗಿಬರುತ್ತಿರಲಿಲ್ಲ ಅಂತ. ವೈನಿಗೆ ಈ ಭಾಗ ಓದಿ ಹೇಳಬೇಡ, ನಿನಗೇ ಕಷ್ಟ.

ಮಾಡುವುದು ಹೀಗೆ. ಒಣ ಹಿಟ್ಟು, ಪೌಡರ್, ಸೋಡಾ, ಬೆಲ್ಲ ಕೂಡಿಸಿ ಜರಡಿ ಹಿಡಿ. ಬೆಣ್ಣೆ ಚೂರುಗಳನ್ನು ಬೆರಳ ತುದಿಯಿಂದ ಮಾತ್ರ ತಿಕ್ಕು, ದಪ್ಪ ರವೆಯ ಹಾಗೆ ಆಗಬೇಕು. ಅಂಗೈ ಬಳಸಬೇಡ, ಅದರ ಬಿಸಿಗೆ ಬೆಣ್ಣೆ ಕರಗುತ್ತದೆ. ಹಣ್ಣು ಹಾಕು. ಮಜ್ಜಿಗೆ ಒಮ್ಮೆಲೇ ಸುರಿದು ಚಮಚದಲ್ಲಿ ಕೂಡಿಸು. ಹತ್ತು ನಿಮಿಷ ಬಿಡು, ತೌಡು ನೀರು ಕುಡಿಯಲಿ. ಆಮೇಲೆ ಕೈಯಿಂದಲೇ ಒಂದು ಬೆರಳಿನ ದಪ್ಪಕ್ಕೆ ತಟ್ಟಿ, ಸ್ಟೀಲ್ ಲೋಟದ ಅಂಚನ್ನು ಹಿಟ್ಟಿನಲ್ಲಿ ಅದ್ದಿ ನೇರ ಒತ್ತು. ತಿರುವಬೇಡ, ಅಂಚು ಮುಚ್ಚಿಕೊಂಡು ಸೊಟ್ಟ ಉಬ್ಬುತ್ತದೆ. ದಪ್ಪ ಹಂಚನ್ನು ಸಣ್ಣ ಉರಿಯಲ್ಲಿ ಕಾಯಿಸು. ಮೇಲೆ ಚಿಟಿಕೆ ಹಿಟ್ಟು ಉದುರಿಸಿದರೆ ನಿಧಾನಕ್ಕೆ ಕಂದಬೇಕು. ತಕ್ಷಣ ಕಪ್ಪಾದರೆ ಉರಿ ಜಾಸ್ತಿ. ಮುಚ್ಚಳ ಮುಚ್ಚಿ ಒಂದೊಂದು ಮಗ್ಗುಲು ಆರೇಳು ನಿಮಿಷ. ಮುಂದೆ ಓವನ್ ತಂದರೆ ಎರಡು ಬೆರಳಿನ ದಪ್ಪ ಇಟ್ಟು, 200 ಡಿಗ್ರಿಯಲ್ಲಿ ಹದಿನೈದು ನಿಮಿಷ.

ಬಿಸಿ ಇರುವಾಗಲೇ ಕೈಯಲ್ಲಿ ಬಿಡಿಸಿ, ಬೆಣ್ಣೆ ಹಚ್ಚಿ ತಿನ್ನು. ಮರುದಿನಕ್ಕೆ ಒಣಗುತ್ತದೆ. ಇಂಗ್ಲೆಂಡಿನಲ್ಲಿ ಸ್ಕೋನ್ ಮೇಲೆ ಹಚ್ಚುವಾಗ ಕಾರ್ನ್‌ವಾಲ್‌ನವರು ಮೊದಲು ಜಾಮ್, ಡೆವನ್‌ನವರು ಮೊದಲು ಕೆನೆ ಅಂತ ಇನ್ನೂ ಜಗಳಾಡುತ್ತಾರಂತೆ. ಮಾಡಲು ಬೇರೆ ಕೆಲಸ ಇಲ್ಲ, ಅಲ್ವಾ?

ಮುಂದಿನ ಸಲ ಬರುವಾಗ ಪೇಢೆ ಬೇಡ. ವಿಜಯಪುರದ ಒಣದ್ರಾಕ್ಷಿ ಅರ್ಧ ಕಿಲೋ ತಾ. ಇಲ್ಲಿ ಸಾಂಗ್ಲಿಯದು ಸಿಗುತ್ತದೆ, ಅದೂ ಚೆನ್ನಾಗಿಯೇ ಇದೆ. ಆದರೆ ಕಾಕೂಗೆ ಒಮ್ಮೆ ನಮ್ಮ ಕಡೆಯದು ತಿನ್ನಿಸಬೇಕಾಗಿದೆ.

ನಿನ್ನ ಹಳೆಯ ದೋಸ್ತ