ಕೀಲಿಕೈ ಕೊಟ್ಟರು, ಕೆಲಸ ಕಲಿಸಲಿಲ್ಲ

ಮಾನ್ಯ ಸಂಪಾದಕರೇ,

ವಿಜಯಪುರ ಜಿಲ್ಲೆಯಲ್ಲಿ 33 ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಕೊನೆಯ 12 ವರ್ಷ ವಾರ್ಡ್ ಇನ್‌ಚಾರ್ಜ್ ಆಗಿದ್ದೆ. ಆ ಜಾಗ ಸಿಕ್ಕಿದ್ದು ಸೀನಿಯಾರಿಟಿ ಮೇಲೆ. ಮೊದಲ ದಿನ ಒಂದು ಕೀಲಿಕೈ ಗೊಂಚಲು, ಒಂದು ಸ್ಟಾಕ್ ರಿಜಿಸ್ಟರ್ ಕೈಗೆ ಬಂತು. ಬೆಡ್‌ಶೀಟ್ ಎಷ್ಟು, ಬಿಪಿ ಮಷೀನ್ ಎಷ್ಟು ಅಂತ ಎಣಿಸಿ ಸಹಿ ಮಾಡಿದೆ. ಹತ್ತು ಹುಡುಗಿಯರನ್ನು ಹೇಗೆ ನಡೆಸಿಕೊಂಡು ಹೋಗಬೇಕು ಅಂತ ಯಾರೂ ಹೇಳಲಿಲ್ಲ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವಾಗ ವಾರ್ಡ್ ಮ್ಯಾನೇಜ್‌ಮೆಂಟ್ ಪಾಠ ಇತ್ತು, ನಿಜ. ಆದರೆ ಆ ಪರೀಕ್ಷೆ ಬರೆದು 20 ವರ್ಷದ ಮೇಲಾಗಿತ್ತು.

ಅದರಿಂದ ಏನಾಯಿತು ಅಂತ ಹೇಳಲೇಬೇಕು. ಒಂದು ರಾತ್ರಿ ಬೆಳೆಗೆ ಹೊಡೆಯುವ ಎಣ್ಣೆ ಕುಡಿದ ಇಬ್ಬರು ನಮ್ಮ ವಾರ್ಡಿಗೆ ಬಂದಿದ್ದರು. ಇಂಥವರಿಗೆ ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಇಂಜೆಕ್ಷನ್ ಕೊಡುವಾಗ ನರ್ಸ್ ಹಾಸಿಗೆ ಬಿಟ್ಟು ಕದಲುವ ಹಾಗಿಲ್ಲ. ನಾಡಿ, ಕಣ್ಣಿನ ಪಾಪೆ, ಎದೆಯ ಸದ್ದು ಮತ್ತೆ ಮತ್ತೆ ನೋಡಬೇಕು. ಔಷಧಿ ಕಡಿಮೆಯಾದರೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಜಾಸ್ತಿಯಾದರೆ ಮೈ ಕಾಯುತ್ತದೆ, ರೋಗಿ ಬಡಬಡಿಸತೊಡಗುತ್ತಾನೆ. ಸಾಮಾನ್ಯ ವಾರ್ಡಿನಲ್ಲಿ 6 ಹಾಸಿಗೆಗೆ ಒಬ್ಬ ನರ್ಸ್ ಅನ್ನುವುದು ಹಳೆಯ ಲೆಕ್ಕ. ಆ ರಾತ್ರಿ 30 ಹಾಸಿಗೆಗೆ ಇಬ್ಬರೇ ಇದ್ದರು. ಇಬ್ಬರೂ ಹೊಸಬರು. ಆ ಡ್ಯೂಟಿ ಪಟ್ಟಿ ಹಾಕಿದವಳು ನಾನೇ.

ಬೆಳಗಿನ 6ರ ಹೊತ್ತಿಗೆ ಒಬ್ಬಳು 14ನೇ ಹಾಸಿಗೆಯ ಇಂಜೆಕ್ಷನ್ 12ನೇ ಹಾಸಿಗೆಯವರಿಗೆ ಕೊಟ್ಟುಬಿಟ್ಟಳು. ಪುಣ್ಯಕ್ಕೆ ಏನೂ ಆಗಲಿಲ್ಲ. ನಾನು ಬಂದ ಕೂಡಲೇ ತಾನಾಗಿಯೇ ಹತ್ತಿರ ಬಂದು, "ಅಕ್ಕಾರ, ನನ್ನಿಂದ ತಪ್ಪಾಗೇತ್ರಿ" ಅಂದಳು. ರೋಗಿಗಳ ಕಡೆಯವರೆಲ್ಲ ನೋಡುತ್ತಿದ್ದಾಗಲೇ ಅವಳನ್ನು ಬೈದೆ. ನನ್ನನ್ನೂ ಹಿರಿಯರು ಹಾಗೇ ಬೈದಿದ್ದರು. ಇನ್‌ಚಾರ್ಜ್ ಅಂದರೆ ಹೀಗೇ ಇರಬೇಕು ಅಂದುಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ಅದೇ ಹುಡುಗಿ ರಾತ್ರಿ ಒಬ್ಬರ ಬಿಪಿ ನೋಡಲು ಮರೆತು, ಚಾರ್ಟಿನಲ್ಲಿ ಹಿಂದಿನ ಅಂಕಿಯನ್ನೇ ಬರೆದಿದ್ದಳು. ಬಿಪಿ ಇಳಿದಿದ್ದು ಗೊತ್ತಾಗಿದ್ದು ಬೆಳಗಿನ ರೌಂಡ್ಸ್‌ನಲ್ಲಿ. ಐಸಿಯುಗೆ ಓಡಿಸಿದೆವು, ಜೀವ ಉಳಿಯಿತು. ಯಾಕವ್ವಾ ಹೇಳಲಿಲ್ಲ ಅಂದರೆ, "ಎಲ್ಲಾರ ಮುಂದ ಬೈತೀರಿ ಅಂತ ಅಂಜಿಕಿ ಆತ್ರಿ" ಅಂದಳು. ಆ ಅಂಜಿಕೆ ಹುಟ್ಟಿಸಿದವಳು ನಾನು.

ಅವತ್ತು ಅವಳನ್ನು ಡ್ರೆಸ್ಸಿಂಗ್ ರೂಮಿಗೆ ಕರೆದು, ಕೂರಿಸಿ, ಹಳೆಯ ತಪ್ಪಿನ ಬಗ್ಗೆಯೂ ಕೇಳಿದೆ. 12 ಮತ್ತು 14, ಇಬ್ಬರು ರೋಗಿಗಳ ಹೆಸರೂ ಒಂದೇ ಆಗಿತ್ತಂತೆ! ಕೇಸ್ ಪೇಪರ್ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗುರುತು ಹಾಕಿದ್ದರೆ ಸಾಕಿತ್ತು. ಮೊದಲೇ ಕೇಳಿದ್ದರೆ ಮೊದಲೇ ಗೊತ್ತಾಗುತ್ತಿತ್ತು, ಅಲ್ವಾ? ಆಮೇಲೆ ರಾತ್ರಿ ಡ್ಯೂಟಿಗೆ ಹೊಸಬರ ಜೊತೆ ಒಬ್ಬ ಹಳಬರನ್ನು ಹಾಕತೊಡಗಿದೆ. ಡ್ಯೂಟಿ ಬದಲಾಗುವಾಗ ರೋಗಿಗಳ ವಿಷಯ ಮುಂದಿನವರಿಗೆ ಒಪ್ಪಿಸುವ ಹ್ಯಾಂಡೋವರ್ ಅನ್ನು ಟೇಬಲ್ ಹತ್ತಿರ ನಿಂತು ಮುಗಿಸುತ್ತಿದ್ದರು, ಅದನ್ನು ಒಂದೊಂದೇ ಹಾಸಿಗೆ ಹತ್ತಿರ ಹೋಗಿ ಮಾಡಿಸಿದೆ.

ಪ್ರತಿ ಮೇ 12ಕ್ಕೆ, ನರ್ಸ್‌ಗಳ ದಿನದಂದು, ನಾವು ದೀಪ ಹಚ್ಚಿ ಪ್ರತಿಜ್ಞೆ ಮಾಡುತ್ತೇವೆ. ಅದು ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಅವರು 1854ರಲ್ಲಿ 38 ನರ್ಸ್‌ಗಳನ್ನು ಕರೆದುಕೊಂಡು ಯುದ್ಧದ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರು ಮಾಡಿದ್ದೂ ಆಸ್ಪತ್ರೆ ನಡೆಸುವ ಕೆಲಸವೇ. ಅಡುಗೆ ಸರಿಪಡಿಸಿದ್ದು, ಬಟ್ಟೆ ಒಗೆಸಲು ವ್ಯವಸ್ಥೆ ಮಾಡಿದ್ದು, ಸತ್ತವರ ಲೆಕ್ಕ ಇಟ್ಟು ದೊಡ್ಡವರ ಮುಂದೆ ಇಟ್ಟಿದ್ದು ನಮ್ಮ ಭಾಷಣಗಳಲ್ಲಿ ಬರುವುದೇ ಇಲ್ಲ.

ಆಸ್ಪತ್ರೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಕೀಲಿಕೈ ಕೊಡುವ ಮುಂಚೆ ಹೊಸ ಇನ್‌ಚಾರ್ಜ್ ಅನ್ನು ಒಂದು ತಿಂಗಳು ಅನುಭವಸ್ಥರ ಜೊತೆ ಬಿಡಿ. ಬೆಡ್‌ಶೀಟ್ ಎಣಿಸಲು ಒಬ್ಬ ಗುಮಾಸ್ತರನ್ನು ಕೊಡಿ. ನನ್ನ ಅರ್ಧ ದಿನ ಅದರಲ್ಲೇ ಹೋಗುತ್ತಿತ್ತು, ರೋಗಿಗಳ ಹತ್ತಿರ ಇರಬೇಕಾದ ಹೊತ್ತದು.

ವಾರಕ್ಕೆ ಎರಡು ದಿನ ನಾನೇ ಬಂದು ಹೊಸ ಇನ್‌ಚಾರ್ಜ್‌ಗಳ ಜೊತೆ ವಾರ್ಡಿನಲ್ಲಿ ನಿಲ್ಲಲು ತಯಾರಿದ್ದೇನೆ. ದುಡ್ಡು ಬೇಡ. ಇಂಡಿ ಆಗಲಿ, ಸಿಂದಗಿ ಆಗಲಿ, ಕರೆದರೆ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ವಾರ್ಡ್ ಇನ್‌ಚಾರ್ಜ್
ವಿಜಯಪುರ